ತಿಥಿ, ತಾರೀಖು ಮತ್ತು ಶರಣರ ಸ್ಮರಣೆ: ಕಾಲನಿರ್ಣಯದ ಕೆಲವು ತೊಡಕುಗಳು

ಮಹಾತ್ಮರ ಸ್ಮರಣೆಗೆ ಒಂದು ದಿನ ಬೇಕು; ಅವರ ಚರಿತ್ರೆಗೆ ಒಂದು ವರ್ಷ ಬೇಕು. ಇವೆರಡೂ ಒಂದೇ ಬಗೆಯ ಅಗತ್ಯಗಳೆಂದು ಮೇಲುನೋಟಕ್ಕೆ ತೋರುತ್ತವೆ. ಆದರೆ ಸ್ಮರಣೆಯ ದಿನವನ್ನು ಪರಂಪರೆ ಕಾಯ್ದುಕೊಂಡು ಬರುತ್ತದೆ, ಚರಿತ್ರೆಯ ವರ್ಷವನ್ನು ಸಂಶೋಧನೆ ಹುಡುಕಿ ತೆಗೆಯುತ್ತದೆ. ಮೊದಲನೆಯದಕ್ಕೆ ಶ್ರದ್ಧೆ ಆಧಾರ, ಎರಡನೆಯದಕ್ಕೆ ಶಾಸನ, ಕಾವ್ಯ, ಗಣಿತಗಳು ಆಧಾರ. ವೀರಶೈವ ಸಾಹಿತ್ಯದ ಕಾಲವಿಚಾರದಲ್ಲಿ ಕಳೆದ ನೂರು ವರ್ಷಗಳಿಂದ ನಡೆದುಬಂದ ಅನೇಕ ವಾದಗಳು ಬಿಗಡಾಯಿಸಿರುವುದು ಈ ಎರಡನ್ನೂ ಒಂದರೊಳಗೊಂದು ಬೆರಸಿದುದರಿಂದಲೇ. ಪರಂಪರೆಯ ತಿಥಿಯನ್ನು ಹಿಡಿದು ವರ್ಷವನ್ನು ಸಾಧಿಸಹೊರಟವರುಂಟು. ಸಂಶೋಧಿತ ವರ್ಷವನ್ನು ಮುಂದಿಟ್ಟು ಪರಂಪರೆಯ ತಿಥಿಯನ್ನೇ ಅಲ್ಲಗಳೆದವರೂ ಉಂಟು. ಈ ಎರಡು ದಾರಿಗಳೂ ಎಲ್ಲಿ ಎಡವುತ್ತವೆ, ಸಂದಿಗ್ಧವಾದ ಕಾಲಸೂಚನೆಯನ್ನು ಹೇಗೆ ಓದಬೇಕು ಎಂಬುದು ಇಲ್ಲಿಯ ವಿಚಾರ.

ಮೊದಲಿಗೇ ಒಂದು ಆಕ್ಷೇಪಣೆ ಏಳಬಹುದು. ಶರಣರು ತಿಥಿ, ವಾರ, ನಕ್ಷತ್ರಗಳ ಬಲಾಬಲವನ್ನು ಒಪ್ಪಿದವರಲ್ಲ. ಶಿವಭಕ್ತನಿಗೆ ಎಲ್ಲ ದಿನವೂ ಶುಭದಿನವೇ ಎಂಬುದು ಅವರ ನಿಲುವು. ಹೀಗಿರುವಾಗ ಅವರ ಜನ್ಮತಿಥಿ, ಐಕ್ಯತಿಥಿಗಳನ್ನು ಕುರಿತು ಇಷ್ಟೊಂದು ಚರ್ಚೆ ಏಕೆ? ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆದರೆ ಶರಣರು ನಿರಾಕರಿಸಿದ್ದು ಕಾಲದ ಮೇಲೆ ಹೊರಿಸಿದ ಶುಭಾಶುಭ ಫಲವನ್ನೇ ಹೊರತು ಕಾಲದ ಲೆಕ್ಕವನ್ನಲ್ಲ. ಮುಹೂರ್ತಕ್ಕಾಗಿ ಪಂಚಾಂಗವನ್ನು ಬಿಡಿಸುವುದು ಒಂದು. ಚರಿತ್ರೆಗಾಗಿ ಅದನ್ನು ಬಿಡಿಸುವುದು ಇನ್ನೊಂದು. ಕಾಯಕ ಮತ್ತು ದಾಸೋಹಗಳನ್ನು ಎತ್ತಿಹಿಡಿದ ಒಂದು ಚಳವಳಿ ಯಾವ ಅರಸನ ಆಳ್ವಿಕೆಯಲ್ಲಿ, ಯಾವ ಸಾಮಾಜಿಕ ಸಂದರ್ಭದಲ್ಲಿ ಹುಟ್ಟಿತೆಂಬುದನ್ನು ತಿಳಿಯದೆ ಅದರ ಧೈರ್ಯವನ್ನು ಅಳೆಯಲಾಗದು. ಕಾಲವನ್ನು ಕಳಚಿ ನೋಡಿದರೆ ಶರಣರು ಪುರಾಣಪುರುಷರಾಗಿಬಿಡುತ್ತಾರೆ. ಅವರು ಈ ನೆಲದ ಮೇಲೆ ನಡೆದಾಡಿದರೆಂಬುದು ಮಸುಕಾಗುತ್ತದೆ. ಕಾಲನಿರ್ಣಯದ ಮಹತ್ವ ಇರುವುದು ಇಲ್ಲಿ.

ಹರಿಹರನು ರಗಳೆಗಳಲ್ಲಿ ಶರಣರ ಬದುಕನ್ನು ಹಾಡಿದಾಗ ಶಕವರ್ಷಗಳ ಗೊಡವೆಗೆ ಹೋಗಲಿಲ್ಲ. ಅವನಿಗೆ ಬೇಕಾದುದು ಭಕ್ತಿಯ ಆವೇಗ. ಮುಂದೆ ಪುರಾಣಗಳು ಬೆಳೆದಂತೆ ಕಾವ್ಯದ ಕಾಲವನ್ನೂ ಕಥಾನಾಯಕರ ಕಾಲವನ್ನೂ ಹೇಳುವ ಪ್ರವೃತ್ತಿ ಹೆಚ್ಚಿತು. ಭೀಮಕವಿಯ ಬಸವಪುರಾಣದ ಕಾಲ ಕ್ರಿ. ಶ. ೧೩೬೯ ಎಂಬುದು ವಿದ್ವಾಂಸರಲ್ಲಿ ಮನ್ನಣೆ ಪಡೆದಿದೆ. ಇದು ಶಕ ೧೨೯೧, ಸೌಮ್ಯ ಸಂವತ್ಸರಕ್ಕೆ ಸರಿಹೊಂದುತ್ತದೆ. ಇಲ್ಲಿ ಕವಿ ತನ್ನ ಕಾಲದ ಬಗ್ಗೆ ಸಾಕ್ಷಿ. ಬಸವಣ್ಣನವರ ಕಾಲದ ಬಗ್ಗೆ ಅವನು ಎರಡು ಶತಮಾನಗಳಷ್ಟು ಅನಂತರದವನು. ಒಂದೇ ಗ್ರಂಥದೊಳಗಿನ ಈ ಎರಡು ಬಗೆಯ ಸಾಕ್ಷ್ಯಕ್ಕೆ ಒಂದೇ ತೂಕ ಕೊಡಬಾರದೆಂಬುದು ಕಾಲವಿಮರ್ಶೆಯ ಮೊದಲ ಪಾಠ.

ಶಕವರ್ಷವನ್ನು ಕ್ರಿಸ್ತಶಕಕ್ಕೆ ತಿರುಗಿಸಲು ೭೮ನ್ನು ಕೂಡಿಸಬೇಕೆಂಬುದು ಎಲ್ಲರಿಗೂ ಗೊತ್ತಿರುವ ಸೂತ್ರ. ಆದರೆ ಗೊತ್ತಿರುವ ಸೂತ್ರವೇ ಹೆಚ್ಚು ಮೋಸಗೊಳಿಸುವುದು. ಶಕವರ್ಷವನ್ನು ಎಣಿಸುವ ರೂಢಿಗಳು ಎರಡು: ಕಳೆದುಹೋದ ವರ್ಷಗಳನ್ನು ಹೇಳುವುದು ಗತಶಕ, ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಹೇಳುವುದು ವರ್ತಮಾನಶಕ. ಆನಂದ ಸಂವತ್ಸರವನ್ನು ಒಬ್ಬ ಬರಹಗಾರ ಶಕ ೧೦೫೬ ಎಂದೂ ಇನ್ನೊಬ್ಬ ಶಕ ೧೦೫೭ ಎಂದೂ ಬರೆದರೆ ಇಬ್ಬರೂ ಸರಿಯೇ. ಎರಡಕ್ಕೂ ಕಣ್ಣುಮುಚ್ಚಿ ೭೮ನ್ನು ಕೂಡಿಸಿದವನು ಮಾತ್ರ ಒಂದು ಕಡೆ ತಪ್ಪುತ್ತಾನೆ. ಇದರ ಮೇಲೆ ಇನ್ನೊಂದು ತೊಡಕು. ಚಾಂದ್ರಮಾನ ವರ್ಷ ಚೈತ್ರದಲ್ಲಿ ಆರಂಭವಾಗುತ್ತದೆ. ಪುಷ್ಯದ ಉತ್ತರಾರ್ಧದಿಂದ ಫಾಲ್ಗುಣದವರೆಗಿನ ದಿನಗಳು ಸಾಮಾನ್ಯವಾಗಿ ಮುಂದಿನ ಇಸವಿಯ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳುಗಳಿಗೆ ಬೀಳುತ್ತವೆ. ಗತಶಕ ೧೦೫೬ರ ವೈಶಾಖ ೧೧೩೪ರಲ್ಲಿ ಬಂದರೆ ಅದೇ ವರ್ಷದ ಮಾಘ ಬಹುಳ ಚತುರ್ದಶಿ, ಅಂದರೆ ಶಿವರಾತ್ರಿ, ೧೧೩೫ರಲ್ಲಿ ಬರುತ್ತದೆ. ಆದುದರಿಂದ ತಿಂಗಳು ತಿಳಿಯದಿರುವಾಗ ೧೧೩೪-೩೫ ಎಂದು ಬರೆಯುವುದೇ ಪ್ರಾಮಾಣಿಕ ಕ್ರಮ. ಆ ಚಿಕ್ಕ ಅಡ್ಡಗೆರೆ ಅಜ್ಞಾನದ ಗುರುತಲ್ಲ, ಎಚ್ಚರದ ಗುರುತು.

ಗತ ಮತ್ತು ವರ್ತಮಾನಗಳ ಈ ಗೊಂದಲವನ್ನು ಬಗೆಹರಿಸಲು ಸಂವತ್ಸರದ ಹೆಸರು ದೊಡ್ಡ ನೆರವು. ದಕ್ಷಿಣದ ರೂಢಿಯಲ್ಲಿ ಅರವತ್ತು ಸಂವತ್ಸರಗಳು ಯಾವುದನ್ನೂ ಬಿಡದೆ ಒಂದರ ಹಿಂದೊಂದು ಬರುತ್ತವೆ. ಉತ್ತರದ ಬಾರ್ಹಸ್ಪತ್ಯ ಪದ್ಧತಿಯಲ್ಲಿ ಸುಮಾರು ಎಂಬತ್ತೈದು ವರ್ಷಗಳಿಗೊಮ್ಮೆ ಒಂದು ಸಂವತ್ಸರ ಲೋಪವಾಗುತ್ತದೆ. ಹೀಗಾಗಿ ಅಲ್ಲಿಯ ಮತ್ತು ಇಲ್ಲಿಯ ಸಂವತ್ಸರದ ಹೆಸರುಗಳು ಹೊಂದುವುದಿಲ್ಲ. ತಿಂಗಳ ಹೆಸರಿನಲ್ಲಿಯೂ ಭೇದವುಂಟು. ಕರ್ನಾಟಕದಲ್ಲಿ ಮಾಸ ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರದಲ್ಲಿ ಹುಣ್ಣಿಮೆಗೆ. ಇಲ್ಲಿಯ ಮಾಘ ಬಹುಳ ಅಲ್ಲಿ ಫಾಲ್ಗುಣ ಕೃಷ್ಣಪಕ್ಷ. ಕಾಶಿಯ ಜಂಗಮವಾಡಿ ಮಠದಂತಹ ಉತ್ತರದ ಪೀಠಗಳಿಗೂ ಕರ್ನಾಟಕದ ಮಠಗಳಿಗೂ ಸಂಬಂಧಿಸಿದ ಕಾಗದಪತ್ರಗಳನ್ನು ಓದುವವರು ಶುಕ್ಲಪಕ್ಷದಲ್ಲಿ ನಿಶ್ಚಿಂತರಾಗಿರಬಹುದು. ಬಹುಳದಲ್ಲಿ ಮಾತ್ರ ಯಾವ ಪದ್ಧತಿಯೆಂದು ಕೇಳಿಯೇ ಮುಂದುವರಿಯಬೇಕು.

ಕವಿಗಳು ವರ್ಷವನ್ನು ಅಂಕಿಗಳಲ್ಲಿ ಬರೆಯದೆ ವಸ್ತುಗಳ ಹೆಸರಿನಲ್ಲಿ ಸೂಚಿಸುವುದುಂಟು. ಈ ಭೂತಸಂಖ್ಯೆಯಲ್ಲಿ ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಬಾಣವೆಂದರೆ ಐದು, ರುದ್ರನೆಂದರೆ ಹನ್ನೊಂದು. ಅಂಕಿಗಳು ಬಲದಿಂದ ಎಡಕ್ಕೆ ನಡೆಯುತ್ತವೆ. ಆದರೆ ಕೆಲವು ಪದಗಳಿಗೆ ಒಂದಕ್ಕಿಂತ ಹೆಚ್ಚು ಬೆಲೆಗಳಿವೆ. ಸಮುದ್ರ ನಾಲ್ಕೂ ಆಗಬಹುದು, ಏಳೂ ಆಗಬಹುದು. ರಸ ಆರೂ ಆಗಬಹುದು, ಒಂಬತ್ತೂ ಆಗಬಹುದು. ಲೋಕ ಮೂರು, ಏಳು, ಹದಿನಾಲ್ಕು. ದಿಕ್ಕು ನಾಲ್ಕು, ಎಂಟು, ಹತ್ತು. ಇಲ್ಲಿ ಸಂವತ್ಸರದ ಹೆಸರು ಎಷ್ಟರಮಟ್ಟಿಗೆ ಕೈಹಿಡಿಯುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಬಿಡಿಯ ಸ್ಥಾನದಲ್ಲಿ ಸಮುದ್ರವಿದ್ದು, ಶಕ ೧೨೯೪ ಅಥವಾ ೧೨೯೭ ಎಂಬ ಸಂದೇಹ ಬಂದರೆ, ಗತಶಕದ ಲೆಕ್ಕದಲ್ಲಿ ಮೊದಲನೆಯದು ಪರಿಧಾವಿ, ಎರಡನೆಯದು ರಾಕ್ಷಸ. ಕವಿ ಸಂವತ್ಸರವನ್ನು ಹೇಳಿದ್ದರೆ ಸಂದೇಹ ಅಲ್ಲಿಗೇ ನೀಗುತ್ತದೆ. ಹತ್ತರ ಸ್ಥಾನದಲ್ಲಿದ್ದರೂ ವ್ಯತ್ಯಾಸ ಮೂವತ್ತು ವರ್ಷ. ಸಂವತ್ಸರದ ಹೆಸರು ಬೇರೆಯಾಗಿಯೇ ಇರುತ್ತದೆ. ಆದರೆ ಸಮುದ್ರ ನೂರರ ಸ್ಥಾನದಲ್ಲಿದ್ದರೆ ವ್ಯತ್ಯಾಸ ಮುನ್ನೂರು ವರ್ಷ, ಅಂದರೆ ಸರಿಯಾಗಿ ಐದು ಆವರ್ತಗಳು. ಶಕ ೧೪೦೭ಕ್ಕೂ ೧೭೦೭ಕ್ಕೂ ಸಂವತ್ಸರ ಒಂದೇ. ಎಲ್ಲಿ ಸಂದೇಹ ಅತಿ ದೊಡ್ಡದೋ ಅಲ್ಲಿಯೇ ಸಂವತ್ಸರ ಮೌನವಾಗುತ್ತದೆ! ಆಗ ತಿಥಿವಾರಗಳ ಹೊಂದಿಕೆ, ಭಾಷೆ, ಛಂದಸ್ಸು, ಹಸ್ತಪ್ರತಿಯ ವಯಸ್ಸು, ಇತರ ಕವಿಗಳ ಉಲ್ಲೇಖ ಇವುಗಳಿಗೆ ಮೊರೆಹೋಗಬೇಕು. ಆರ್. ನರಸಿಂಹಾಚಾರ್ಯರು ಕರ್ನಾಟಕ ಕವಿಚರಿತೆಯ ಸಂಪುಟಗಳಲ್ಲಿ ಕವಿಯ ಸ್ವಂತ ಮಾತಿನ ಜೊತೆಗೆ ಪೂರ್ವಕವಿಸ್ಮರಣೆಯನ್ನೂ ಶಾಸನಗಳನ್ನೂ ಎದುರುಬದುರಾಗಿಟ್ಟು ನೋಡಿದ ಕ್ರಮ ಈ ದೃಷ್ಟಿಯಿಂದ ಇಂದಿಗೂ ಅನುಸರಣೀಯ.

ತಿಥಿ ಮತ್ತು ವಾರ ಹೊಂದಿಕೊಂಡರೆ ಕಾಲ ಸಿದ್ಧವಾಯಿತೆಂದು ಭಾವಿಸುವುದೂ ಆತುರದ ಮಾತು. ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ ೧೮೯೬ರ ಪಂಚಾಂಗ ಗ್ರಂಥ, ಬಾಗಲಕೋಟೆಯಲ್ಲಿ ಅಧ್ಯಾಪಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರ ಗಣಿತ, ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳು ಈ ಪರೀಕ್ಷೆಯನ್ನು ಸುಲಭಗೊಳಿಸಿದವು. ಆದರೆ ವಾರಗಳು ಏಳೇ. ಒಂದು ತಪ್ಪು ವರ್ಷವನ್ನು ಹಿಡಿದು ಲೆಕ್ಕ ಮಾಡಿದರೂ ಏಳರಲ್ಲಿ ಒಂದು ಬಾರಿ ತಿಥಿವಾರಗಳು ಆಕಸ್ಮಿಕವಾಗಿ ಹೊಂದಿಯೇ ಹೊಂದುತ್ತವೆ. ಹೊಂದದಿದ್ದರೆ ಸಂದೇಹಕ್ಕೆ ಕಾರಣವುಂಟು. ಹೊಂದಿದ ಮಾತ್ರಕ್ಕೆ ಸಿದ್ಧಾಂತಕ್ಕೆ ಆಧಾರವಿಲ್ಲ.

ಈ ವಿವೇಕ ಹೆಚ್ಚಾಗಿ ಬೇಕಾಗುವುದು ಬಸವಣ್ಣನವರ ಜನ್ಮಕಾಲದ ಪ್ರಶ್ನೆಯಲ್ಲಿ. ೧೧೦೫, ೧೧೩೧, ೧೧೩೪ ಎಂಬ ವರ್ಷಗಳನ್ನು ಬೇರೆಬೇರೆ ವಿದ್ವಾಂಸರು ಪ್ರತಿಪಾದಿಸಿದ್ದಾರೆ. ಇವು ಕ್ರಮವಾಗಿ ಪಾರ್ಥಿವ, ವಿರೋಧಿಕೃತು, ಆನಂದ ಸಂವತ್ಸರಗಳು. ಆನಂದ ಸಂವತ್ಸರವೆಂಬ ಹೇಳಿಕೆಯನ್ನು ಒಪ್ಪಿದವರು ೧೧೩೪ಕ್ಕೆ ಬರುವುದು ಸಹಜವೇ. ಆಗ ಪರೀಕ್ಷಿಸಬೇಕಾದುದು ಆ ಹೇಳಿಕೆಯ ಪ್ರಾಚೀನತೆಯನ್ನು, ಗಣಿತವನ್ನಲ್ಲ. ವೈಶಾಖ ಶುದ್ಧ ತದಿಗೆ, ರೋಹಿಣೀ ನಕ್ಷತ್ರ ಎಂಬ ಪರಂಪರೆಯ ಮಾತನ್ನು ವರ್ಷದ ಸಾಧನೆಗೆ ಬಳಸುವ ವಾದವಂತೂ ಇನ್ನೂ ದುರ್ಬಲ. ವೈಶಾಖ ಮಾಸ ಆರಂಭವಾಗುವಾಗ ಸೂರ್ಯನು ಮೇಷರಾಶಿಯ ಮೂವತ್ತು ಅಂಶಗಳೊಳಗೆ ಎಲ್ಲಿಯೋ ಇರುತ್ತಾನೆ. ತದಿಗೆಯ ಹೊತ್ತಿಗೆ ಚಂದ್ರನು ಸೂರ್ಯನಿಂದ ೨೪ರಿಂದ ೩೬ ಅಂಶಗಳಷ್ಟು ಮುಂದೆ ಸಾಗಿರುತ್ತಾನೆ. ಹಾಗಾದರೆ ಅವನು ನಿಲ್ಲಬಹುದಾದ ನೆಲೆ ಬಹುಮಟ್ಟಿಗೆ ಕೃತ್ತಿಕಾ, ರೋಹಿಣೀ, ಮೃಗಶಿರಾ ಈ ಮೂರರೊಳಗೇ. ಅವುಗಳ ನಡುವಿನದು ರೋಹಿಣಿ. ಅಕ್ಷಯತದಿಗೆಯಂದು ರೋಹಿಣಿ ಬರುವುದು ಅಪೂರ್ವ ಯೋಗವೇನಲ್ಲ, ಮತ್ತೆಮತ್ತೆ ಮರುಕಳಿಸುವ ಸಾಮಾನ್ಯ ಸಂಗತಿ. ತಿಥಿಯೇ ನಕ್ಷತ್ರವನ್ನು ಹೆಚ್ಚು ಕಡಿಮೆ ನಿಗದಿಗೊಳಿಸಿರುವಾಗ, ಅವೆರಡನ್ನೂ ಎರಡು ಸ್ವತಂತ್ರ ಸಾಕ್ಷಿಗಳೆಂದು ಎಣಿಸುವುದು ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕರೆದಂತೆ.

ಇದರಿಂದ ಪರಂಪರೆ ಸುಳ್ಳೆಂದು ಹೇಳಿದಂತಾಗಲಿಲ್ಲ. ಪರಂಪರೆ ದಿನವನ್ನು ಹೇಳುತ್ತದೆ, ವರ್ಷವನ್ನು ಸಾಧಿಸುವ ಹೊಣೆಯನ್ನು ಅದರ ಮೇಲೆ ಹೊರಿಸಬಾರದು ಎಂಬುದಷ್ಟೇ ತಾತ್ಪರ್ಯ. ವರ್ಷದ ವಿಷಯದಲ್ಲಿ ಗಟ್ಟಿಯಾದ ನೆಲ ಬೇರೆ ಕಡೆ ಇದೆ. ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನ ಯಾದವ ಕನ್ನರನ ಕಾಲದ್ದು, ಕ್ರಿ. ಶ. ೧೨೬೦ರದು. ಅದು ಬಸವಣ್ಣನವರ ಹೆಸರನ್ನೂ ವಂಶವನ್ನೂ ತಿಳಿಸುವ ಅಮೂಲ್ಯ ದಾಖಲೆ. ಕಳಚುರಿ ಬಿಜ್ಜಳನ ಆಳ್ವಿಕೆಯ ಕೊನೆ ೧೧೬೭-೬೮ಕ್ಕೆ ಬರುತ್ತದೆಂಬುದನ್ನು ಶಾಸನಗಳಿಂದ ಗುರುತಿಸಿದ್ದಾರೆ. ೧೯೬೭ರಲ್ಲಿ ನಾಡು ಆಚರಿಸಿದ್ದು ಈ ನೆಲೆಯ ಮೇಲೆ ನಿಂತ ಅಷ್ಟಶತಮಾನೋತ್ಸವ. ಜನ್ಮವರ್ಷ ವಿವಾದಗ್ರಸ್ತವಾಗಿದ್ದಾಗ ಐಕ್ಯವರ್ಷವನ್ನು ಹಿಡಿದ ಆ ಕ್ರಮ ಚರಿತ್ರೆಯ ದೃಷ್ಟಿಯಿಂದ ವಿವೇಕಯುತವಾದುದು. ಇದಕ್ಕೆ ಪ್ರತಿಯಾಗಿ, ಆಮಂತ್ರಣಪತ್ರಿಕೆಗಳಲ್ಲಿ ಇಷ್ಟನೆಯ ಜಯಂತಿ ಎಂದು ಅಚ್ಚುಹಾಕಿಸುವಾಗ ಯಾವ ವರ್ಷದಿಂದ ಎಣಿಸಿದರೆಂದು ಹೇಳುವ ರೂಢಿ ಕಾಣದು. ೨೦೨೫ರ ಅಕ್ಷಯತದಿಗೆಗೆ ೧೧೩೪ರಿಂದ ತುಂಬಿದ್ದು ೮೯೧ ವರ್ಷ, ೧೧೩೧ರಿಂದ ೮೯೪, ೧೧೦೫ರಿಂದ ೯೨೦. ಹುಟ್ಟಿದ ದಿನವನ್ನೇ ಮೊದಲನೆಯದೆಂದು ಎಣಿಸುವವರು ಪ್ರತಿಯೊಂದಕ್ಕೂ ಒಂದನ್ನು ಸೇರಿಸುತ್ತಾರೆ. ಹಳೆಯ ಶಾಸನಗಳ ಗತ ಮತ್ತು ವರ್ತಮಾನಗಳ ತೊಡಕು ಹೀಗೆ ಹೊಸ ಕರಪತ್ರಗಳಲ್ಲಿಯೂ ಬದುಕಿಕೊಂಡಿದೆ.

ತಿಥಿಯನ್ನು ಇಂಗ್ಲಿಷ್ ತಾರೀಖಿಗೆ ಇಳಿಸುವಾಗ ಬೇರೊಂದು ಎಚ್ಚರ ಬೇಕು. ೧೫೮೨ರವರೆಗೆ ಯೂರೋಪಿನಲ್ಲಿದ್ದುದು ಜೂಲಿಯನ್ ಪಂಚಾಂಗ. ಆ ವರ್ಷ ಪೋಪ್ ಗ್ರೆಗರಿಯ ತಿದ್ದುಪಡಿಯಂತೆ ಅಕ್ಟೋಬರ್ ೪ರ ಮರುದಿನವನ್ನು ೧೫ ಎಂದು ಕರೆದರು; ಬ್ರಿಟನ್ನು ಇದನ್ನು ೧೭೫೨ರಲ್ಲಿ ಒಪ್ಪಿತು. ಹನ್ನೆರಡನೆಯ ಶತಮಾನದ ತಾರೀಖುಗಳನ್ನು ವಿದ್ವಾಂಸರು ಜೂಲಿಯನ್ ಕ್ರಮದಲ್ಲಿಯೇ ಕೊಡುವುದು ವಾಡಿಕೆ. ಅದಕ್ಕೂ ಇಂದಿನ ಗ್ರೆಗೋರಿಯನ್ ಕ್ರಮಕ್ಕೂ ಆ ಕಾಲದಲ್ಲಿ ಇದ್ದ ಅಂತರ ಏಳು ದಿನ. ಸಂಶೋಧನ ಗ್ರಂಥದಲ್ಲಿ ಕಂಡ ಜೂಲಿಯನ್ ತಾರೀಖನ್ನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹುಡುಕಿ ಅದೇ ದಿನ ವಾರ್ಷಿಕೋತ್ಸವ ಮಾಡುವವರು ಋತುವಿಗೂ ಸಲ್ಲುವುದಿಲ್ಲ, ತಿಥಿಗೂ ಸಲ್ಲುವುದಿಲ್ಲ.

ಸೊನ್ನಲಿಗೆಯ ಸಿದ್ಧರಾಮೇಶ್ವರರ ಸ್ಮರಣೆ ಮಕರಸಂಕ್ರಾಂತಿಯೊಡನೆ ಬೆಸೆದುಕೊಂಡಿರುವುದು ಇಲ್ಲಿ ಬೋಧಪ್ರದವಾದ ನಿದರ್ಶನ. ಸಂಕ್ರಾಂತಿ ತಿಥಿಯೂ ಅಲ್ಲ, ತಾರೀಖೂ ಅಲ್ಲ; ಸೂರ್ಯನು ಮಕರರಾಶಿಯನ್ನು ಪ್ರವೇಶಿಸುವ ಕ್ಷಣ. ಈಗ ಅದು ಜನವರಿ ೧೪ ಅಥವಾ ೧೫ಕ್ಕೆ ಬರುತ್ತದೆ. ೧೮೬೩ರಲ್ಲಿ ಸ್ವಾಮಿ ವಿವೇಕಾನಂದರು ಜನಿಸಿದ ಸಂಕ್ರಾಂತಿ ಜನವರಿ ೧೨ರಂದು ಬಂದಿತ್ತು. ಸಿದ್ಧರಾಮರ ಕಾಲದಲ್ಲಿ ಜೂಲಿಯನ್ ಲೆಕ್ಕದ ಪ್ರಕಾರ ಡಿಸೆಂಬರ್ ೨೫ರ ಆಸುಪಾಸಿನಲ್ಲಿ ಬರುತ್ತಿತ್ತು. ತಾರೀಖಿಗೆ ಅಂಟಿಕೊಂಡಿದ್ದರೆ ಸಂಕ್ರಾಂತಿ ಕೈತಪ್ಪುತ್ತಿತ್ತು. ಸಂಕ್ರಾಂತಿಯನ್ನು ಹಿಡಿದುದರಿಂದ ಸೊಲ್ಲಾಪುರದ ಜಾತ್ರೆ ತನ್ನ ನೆಲೆಯನ್ನು ಉಳಿಸಿಕೊಂಡಿದೆ. ಯಾವುದು ಸ್ಮರಣೆಯ ಮೂಲಸೂತ್ರವೋ ಅದನ್ನು ಬಿಡಬಾರದೆಂಬುದು ಇದರಿಂದ ಸ್ಪಷ್ಟ.

ತಿಥಿಯನ್ನು ಹಿಡಿದ ಮೇಲೂ ಸಂದೇಹಗಳು ಮುಗಿಯುವುದಿಲ್ಲ. ಸೂರ್ಯಚಂದ್ರರ ನಡುವಿನ ಅಂತರ ಹನ್ನೆರಡು ಅಂಶ ಹೆಚ್ಚಲು ಹಿಡಿಯುವ ಕಾಲವೇ ತಿಥಿ. ಅದು ಸುಮಾರು ೨೦ ಗಂಟೆಗಳಿಂದ ೨೬ ಮುಕ್ಕಾಲು ಗಂಟೆಗಳವರೆಗೆ ಹಿಗ್ಗಿಕುಗ್ಗುತ್ತದೆ. ಹೀಗಾಗಿ ಒಂದು ತಿಥಿ ಎರಡು ಸೂರ್ಯೋದಯಗಳನ್ನು ಮುಟ್ಟಬಹುದು, ಒಂದನ್ನೂ ಮುಟ್ಟದೆಯೂ ಹೋಗಬಹುದು. ೨೦೨೩ರಲ್ಲಿ ವೈಶಾಖ ಶುದ್ಧ ತದಿಗೆ ಏಪ್ರಿಲ್ ೨೨ರ ಬೆಳಿಗ್ಗೆ ಎಂಟು ಗಂಟೆಗೆ ತುಸು ಮೊದಲು ಆರಂಭವಾಗಿ ಮರುದಿನ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಮುಗಿಯಿತು. ಪೂರ್ವಾಹ್ಣದಲ್ಲಿ ತದಿಗೆ ವ್ಯಾಪಿಸಿರಬೇಕೆಂಬ ನಿಯಮವನ್ನು ಹಿಡಿದವರಿಗೆ ೨೨ ಅಕ್ಷಯತದಿಗೆ. ಉದಯತಿಥಿಯನ್ನು ಹಿಡಿದವರಿಗೆ ೨೩. ಯಾರೂ ತಪ್ಪಲಿಲ್ಲ. ಎರಡು ನಿಯಮಗಳು ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟವು, ಅಷ್ಟೆ. ಆದರೆ ಒಂದೇ ಊರಿನಲ್ಲಿ ಎರಡು ದಿನ ಎರಡು ಮೆರವಣಿಗೆಗಳು ಹೊರಟರೆ ಅದು ಗಣಿತದ ಪ್ರಶ್ನೆಯಾಗಿ ಉಳಿಯದೆ ಸಮಾಜದ ಪ್ರಶ್ನೆಯಾಗುತ್ತದೆ. ೧೯೧೩ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ ಸಾರ್ವಜನಿಕ ಬಸವಜಯಂತಿಯನ್ನು ಆರಂಭಿಸಿದುದು ಚದುರಿದ ಸಮಾಜವನ್ನು ಕೂಡಿಸುವುದಕ್ಕಾಗಿ. ಕೂಡಿಸಲು ಹುಟ್ಟಿದ ದಿನ ಒಡೆಯುವ ಕಾರಣವಾಗಬಾರದು. ಒಂದು ಊರಿನವರು ಮುಂಚಿತವಾಗಿ ಒಂದು ಪಂಚಾಂಗವನ್ನೂ ಒಂದು ನಿಯಮವನ್ನೂ ಒಪ್ಪಿಕೊಂಡು ನಡೆದರೆ ಶಾಸ್ತ್ರಕ್ಕೂ ಲೋಪವಿಲ್ಲ, ಸಮಾಜಕ್ಕೂ ಕ್ಷೇಮ.

ಇದಕ್ಕಿಂತ ಗಹನವಾದುದು ಅಧಿಕಮಾಸದ ಪ್ರಶ್ನೆ. ಚಾಂದ್ರವರ್ಷ ಸುಮಾರು ೩೫೪ ದಿನ, ಸೌರವರ್ಷ ೩೬೫. ವರ್ಷಕ್ಕೆ ಹನ್ನೊಂದು ದಿನಗಳಂತೆ ಹಿಂದೆ ಬೀಳುವ ಚಾಂದ್ರಮಾನವನ್ನು ಸರಿದೂಗಿಸಲು ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕಮಾಸಗಳು ಬರುತ್ತವೆ. ಸಂಕ್ರಾಂತಿಯಿಲ್ಲದ ಮಾಸ ಅಧಿಕ, ಅದರ ಮುಂದಿನದು ನಿಜ. ೨೦೧೦ರಲ್ಲಿ ವೈಶಾಖವೇ ಅಧಿಕವಾಯಿತು. ಏಪ್ರಿಲ್ ನಡುವಿನಲ್ಲಿ ಒಂದು ವೈಶಾಖ ಶುದ್ಧ ತದಿಗೆ, ಮೇ ೧೬ರಂದು ಇನ್ನೊಂದು. ಜಯಂತಿ ನಡೆದದ್ದು ನಿಜಮಾಸದಲ್ಲಿ. ೨೦೨೩ರಲ್ಲಿ ಶ್ರಾವಣ ಅಧಿಕವಾದಾಗ, ಬಸವಪಂಚಮಿಯೆಂದು ಅನೇಕರು ಆಚರಿಸುವ ಶ್ರಾವಣ ಶುದ್ಧ ಪಂಚಮಿ ಎರಡು ಬಾರಿ ಬಂದಿತು. ನಿಜ ಶ್ರಾವಣದ ಪಂಚಮಿ ಆಗಸ್ಟ್ ೨೧ರದು. ಒಂದೇ ವರ್ಷದಲ್ಲಿ ಬಸವಣ್ಣನವರ ಜಯಂತಿ, ಐಕ್ಯಸ್ಮರಣೆ ಎರಡೂ ಇಬ್ಬಗೆಯಾದುದು ಅಪರೂಪದ ಪ್ರಸಂಗ.

ಅಧಿಕಮಾಸದಲ್ಲಿಯೇ ಹುಟ್ಟಿದವರ, ಐಕ್ಯರಾದವರ ಸ್ಮರಣೆ ಹೇಗೆ? ಧರ್ಮಶಾಸ್ತ್ರದ ನಿಬಂಧಗಳು ಇದಕ್ಕೆ ಉತ್ತರ ಹೇಳಿವೆ. ಅಧಿಕಮಾಸದಲ್ಲಿ ಮೃತರಾದವರ ವಾರ್ಷಿಕವನ್ನು ಸಾಮಾನ್ಯ ವರ್ಷಗಳಲ್ಲಿ ಅದೇ ಹೆಸರಿನ ಶುದ್ಧಮಾಸದಲ್ಲಿ, ಅದೇ ಮಾಸ ಮತ್ತೆ ಅಧಿಕವಾಗಿ ಬಂದಾಗ ಆ ಅಧಿ­ಕದಲ್ಲಿಯೇ ಮಾಡಬೇಕೆಂಬುದು ಅವುಗಳ ಮತ. ವೀರಶೈವರ ಗಣಾರಾಧನೆ, ಪುಣ್ಯಸ್ಮರಣೆಗಳು ಶ್ರಾದ್ಧವಲ್ಲ. ಆ ವಿಧಿ ಇಲ್ಲಿ ಬದ್ಧವೂ ಅಲ್ಲ. ಆದರೂ ಆ ನಿಯಮದ ಹಿಂದಿನ ವಿವೇಕ ಗ್ರಾಹ್ಯವಾದುದು. ದಿನ ಕಾಣೆಯಾದ ವರ್ಷದಲ್ಲಿ ಸ್ಮರಣೆ ಕಾಣೆಯಾಗಬಾರದು; ದಿನ ಇಮ್ಮಡಿಯಾದ ವರ್ಷದಲ್ಲಿ ಕರ್ತವ್ಯ ಗೊಂದಲಕ್ಕೀಡಾಗಬಾರದು. ಹೆಸರಿಗಿಂತ ಸಂಬಂಧ ಮುಖ್ಯ.

ಇಂಗ್ಲಿಷ್ ಕ್ಯಾಲೆಂಡರಿನ ಫೆಬ್ರವರಿ ೨೯ ಇದೇ ಪ್ರಶ್ನೆಯ ಇನ್ನೊಂದು ರೂಪ. ಚಾಂದ್ರಮಾನ ತಿಂಗಳನ್ನೇ ಸೇರಿಸಿ ತೂಗಿಸುವ ಲೆಕ್ಕವನ್ನು ಸೌರಮಾನ ಒಂದು ದಿನದಿಂದ ತೂಗಿಸುತ್ತದೆ. ಮೊರಾರ್ಜಿ ದೇಸಾಯಿಯವರು ಹುಟ್ಟಿದ್ದು ೧೮೯೬ರ ಫೆಬ್ರವರಿ ೨೯ರಂದು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ ಅವರು ಅಲ್ಲಿಯ ಮುಖ್ಯಮಂತ್ರಿಗಳಾಗಿದ್ದುದು ಕನ್ನಡಿಗರಿಗೆ ತಿಳಿದ ವಿಷಯ. ನೂರರಿಂದ ಭಾಗವಾಗಿ ನಾನೂರರಿಂದ ಭಾಗವಾಗದ ಇಸವಿ ಅಧಿಕವರ್ಷವಲ್ಲವಾದ ಕಾರಣ ೧೯೦೦ರಲ್ಲಿ ಫೆಬ್ರವರಿ ೨೯ ಬರಲಿಲ್ಲ; ಅವರ ಮೊದಲ ಹುಟ್ಟುಹಬ್ಬದ ತಾರೀಖು ಬಂದಿದ್ದು ಎಂಟು ವರ್ಷಗಳ ತರುವಾಯ, ೧೯೦೪ರಲ್ಲಿ. ೧೯೯೫ರಲ್ಲಿ ತೀರಿಕೊಳ್ಳುವವರೆಗೆ ತೊಂಬತ್ತೊಂಬತ್ತು ವರ್ಷಗಳ ಆ ಬದುಕಿನಲ್ಲಿ ಹುಟ್ಟಿದ ತಾರೀಖು ಮರಳಿ ಬಂದುದು ಇಪ್ಪತ್ತಮೂರೇ ಬಾರಿ. ಆದರೆ ಹುಟ್ಟಿದ ತಿಥಿ ಪ್ರತಿವರ್ಷವೂ ಬಂದಿತು. ೨೦೦೦ದ ಫೆಬ್ರವರಿ ೨೯ರಂದು ಹುಟ್ಟಿದವರ ಶತಮಾನದ ವರ್ಷವಾದ ೨೧೦೦ರಲ್ಲಿ ಆ ತಾರೀಖೇ ಇರುವುದಿಲ್ಲ. ಅಂಥವರ ಹುಟ್ಟುಹಬ್ಬ ಫೆಬ್ರವರಿ ೨೮ರಂದೋ ಮಾರ್ಚ್ ೧ರಂದೋ ಎಂಬುದಕ್ಕೆ ಪ್ರಕೃತಿಯಲ್ಲಿ ಉತ್ತರವಿಲ್ಲ. ಮನುಷ್ಯರ ಒಪ್ಪಂದದಲ್ಲಿ ಮಾತ್ರ ಇದೆ. ತಿಂಗಳ ಕೊನೆಯ ದಿನವೆಂದು ಬಗೆದರೆ ೨೮. ೨೮ರ ಮರುದಿನವೆಂದು ಬಗೆದರೆ ಮಾರ್ಚ್ ೧. ಎರಡರಲ್ಲಿ ಒಂದನ್ನು ಆರಿಸಿ, ಆರಿಸಿದುದನ್ನು ಕೈಬಿಡದಿರುವುದೇ ನಿಯಮ.

೧೯೫೭ರ ಮಾರ್ಚ್ ೨೨ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗ ಈ ತೊಡಕುಗಳನ್ನು ಕಳೆಯಲು ಮಾಡಿದ ಪ್ರಯತ್ನ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ ಅದನ್ನು ರೂಪಿಸಿತು. ಅಲ್ಲಿ ಅಧಿಕ ದಿನ ಸೇರುವುದು ಚೈತ್ರದ ಕೊನೆಗೆ. ಆದರೆ ಹಳೆಯ ಮಾಸಗಳ ಹೆಸರನ್ನೇ ಸೌರಮಾನಕ್ಕೆ ಕೊಟ್ಟುದರಿಂದ ಹೊಸ ಸಂದಿಗ್ಧವೂ ಹುಟ್ಟಿತು. ರಾಷ್ಟ್ರೀಯ ಪಂಚಾಂಗದ ವೈಶಾಖ ೩ ಎಂದೆಂದಿಗೂ ಏಪ್ರಿಲ್ ೨೩. ಅದು ವೈಶಾಖ ಶುದ್ಧ ತದಿಗೆಯಲ್ಲ. ಮುಂದಿನ ಸಂಶೋಧಕ ಶುದ್ಧ, ಬಹುಳ ಎಂಬ ಮಾತಿಲ್ಲದ ವೈಶಾಖವನ್ನು ಕಂಡಾಗ ಈ ಭೇದವನ್ನು ನೆನೆಯಬೇಕು.

ಮಠಗಳ ಹಳೆಯ ಕಡತಗಳಲ್ಲಿ ಇನ್ನೂ ಒಂದು ಬಗೆಯ ಕಾಲಸೂಚನೆ ಸಿಗುತ್ತದೆ, ಅದು ಫಸಲಿ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ, ರಾಯಚೂರು ಭಾಗಗಳಲ್ಲಿ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆರಂಭವಾಗುತ್ತಿದ್ದರೆ, ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿ ಜುಲೈ ೧ರಂದು. ಫಸಲಿ ೧೩೫೭ ಅಲ್ಲಿ ೧೯೪೭ರ ಅಕ್ಟೋಬರಿನಿಂದ, ಇಲ್ಲಿ ಅದೇ ವರ್ಷದ ಜುಲೈಯಿಂದ. ತುಂಗಭದ್ರೆಯ ಆ ದಡದ ದಾನಪತ್ರಕ್ಕೂ ಈ ದಡದ ದಾನಪತ್ರಕ್ಕೂ ಒಂದೇ ಫಸಲಿ ಇದ್ದರೂ ಇಸವಿ ಬೇರೆಯಾಗಬಹುದು. ದಾಖಲೆಯ ಕಾಲವನ್ನು ಓದುವ ಮೊದಲು ದಾಖಲೆಯ ಊರನ್ನು ಓದಬೇಕಾಗುತ್ತದೆ.

ಈಚಿನ ಮಹನೀಯರ ವಿಷಯದಲ್ಲಿ ತಾರೀಖಿನ ಸ್ಮರಣೆಯೇ ರೂಢವಾಗಿದೆ. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳ ಜನ್ಮದಿನ ಏಪ್ರಿಲ್ ೧, ಲಿಂಗೈಕ್ಯರಾದ ದಿನ ೨೦೧೯ರ ಜನವರಿ ೨೧. ಭಕ್ತರ ಮನಸ್ಸಿನಲ್ಲಿ ನೆಲೆಗೊಂಡಿರುವುದು ಈ ತಾರೀಖುಗಳೇ. ಇದರಲ್ಲಿ ತಪ್ಪೇನೂ ಇಲ್ಲ. ವಿವೇಕಾನಂದರ ಸ್ಮರಣೆ ರಾಷ್ಟ್ರೀಯ ಯುವದಿನವಾಗಿ ಜನವರಿ ೧೨ರಂದೂ, ರಾಮಕೃಷ್ಣ ಮಠದಲ್ಲಿ ತಿಥಿಯಂತೆಯೂ ನಡೆಯುತ್ತದೆ. ಒಂದು ಇನ್ನೊಂದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಶಾಲಾ ದಾಖಲೆಗಳಲ್ಲಿನ ಜನ್ಮದಿನಾಂಕಗಳೆಲ್ಲ ನಂಬಲರ್ಹವಲ್ಲ. ಮಗುವನ್ನು ಸೇರಿಸುವ ದಿನ ಅಂದಾಜಿನಿಂದ ಜೂನ್ ತಿಂಗಳ ಒಂದು ತಾರೀಖನ್ನು ಬರೆದುಬಿಡುವ ವಾಡಿಕೆ ಎಲ್ಲರಿಗೂ ಪರಿಚಿತ. ಮನೆಯವರು ನೆನಪಿಟ್ಟ ಹಬ್ಬದ ಹತ್ತಿರದ ದಿನ ಅಂಥ ತಾರೀಖಿಗಿಂತ ಹೆಚ್ಚು ಸತ್ಯಕ್ಕೆ ಸಮೀಪವಾಗಿರಬಹುದು. ಅಚ್ಚಾದ ಅಂಕಿ ಸ್ಪಷ್ಟವಾಗಿ ಕಾಣುವ ಮಾತ್ರಕ್ಕೆ ಸತ್ಯವಾಗುವುದಿಲ್ಲ.

ಈ ವಿವೇಚನೆಯಿಂದ ಕೆಲವು ನಿಯಮಗಳು ತಾವಾಗಿ ಹೊರಡುತ್ತವೆ. ಆಕರದಲ್ಲಿರುವ ಕಾಲಸೂಚನೆಯನ್ನು ಮೊದಲು ಇದ್ದಂತೆಯೇ ಕೊಡಬೇಕು. ಪರಿವರ್ತಿಸಿದ ತಾರೀಖು ಅನಂತರ ಬರಬೇಕು. ಗತವೋ ವರ್ತಮಾನವೋ, ಅಧಿಕವೋ ನಿಜವೋ, ಜೂಲಿಯನ್ನೋ ಗ್ರೆಗೋರಿಯನ್ನೋ ಎಂಬುದನ್ನು ಹೇಳಬೇಕು. ಆಕರ ಮೌನವಾಗಿರುವಲ್ಲಿ ಸಂಶೋಧಕನೂ ಮೌನವಾಗಿರಬೇಕು. ವರ್ಷ ಮಾತ್ರ ತಿಳಿದಿರುವಲ್ಲಿ ದಿನವನ್ನು ಹುಟ್ಟಿಸಬಾರದು. ಪರಂಪರೆಯ ಸ್ಮರಣದಿನವನ್ನು ಸಂಶೋಧನೆಯ ಹೆಸರಿನಲ್ಲಿ ಕದಲಿಸಬಾರದು. ಸಂಶೋಧನೆಯ ವರ್ಷವನ್ನು ಶ್ರದ್ಧೆಯ ಹೆಸರಿನಲ್ಲಿ ತಿದ್ದಬಾರದು.

ಅಕ್ಷಯತದಿಗೆಯಂದು ಅನುಭವಮಂಟಪದ ಸ್ಮರಣೆಗೆ ಸೇರುವ ಭಕ್ತನಿಗೆ ಬಸವಣ್ಣನವರು ೧೧೩೧ರಲ್ಲಿ ಹುಟ್ಟಿದರೋ ೧೧೩೪ರಲ್ಲಿಯೋ ಎಂಬುದು ತೀರ್ಮಾನವಾಗುವವರೆಗೆ ಕಾಯಬೇಕಾಗಿಲ್ಲ. ಆ ವರ್ಷವನ್ನು ಹುಡುಕುವ ವಿದ್ಯಾರ್ಥಿಗೂ ಭಕ್ತನ ತಿಥಿ ಅಡ್ಡಿಯಾಗಬೇಕಿಲ್ಲ. ಮೊದಲನೆಯವನು ಶರಣರನ್ನು ವರ್ಷಕ್ಕೊಮ್ಮೆ ಮನೆಗೆ ಕರೆದುಕೊಳ್ಳುತ್ತಾನೆ. ಎರಡನೆಯವನು ಅವರು ನಡೆದ ದಾರಿಯನ್ನು ಗುರುತಿಸುತ್ತಾನೆ. ಇಬ್ಬರೂ ತಮ್ಮ ತಮ್ಮ ಕಾಯಕದಲ್ಲಿ ಪ್ರಾಮಾಣಿಕರಾಗಿದ್ದರೆ ಸಾಕು, ಇಬ್ಬರ ಸೇವೆಯೂ ಶರಣರಿಗೆ ಸಲ್ಲುತ್ತದೆ.